ಲ್ಯಾಬಿನಲ್ಲಿ ಕಲಿತದ್ದು ಊರಿನ ನಲ್ಲಿಯವರೆಗೆ ಹೋಗೋದು ಹೇಗೆ?

ಪ್ರಶ್ನೆ: ನಾನು ಎಂ.ಎಸ್ಸಿ. ರಸಾಯನಶಾಸ್ತ್ರದ ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ನಮ್ಮೂರು ಪಾವಗಡ ತಾಲ್ಲೂಕಿನಲ್ಲಿದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಅಜ್ಜಿಗೆ ಮಂಡಿ ಮಡಚಲು ಆಗುವುದಿಲ್ಲ. ಚಿಕ್ಕಪ್ಪನ ಮಗನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಕಾಲೇಜಿನಲ್ಲಿ ಫ್ಲೋರೈಡ್ ಅಳೆಯುವ ಪ್ರಯೋಗ ಮಾಡಿ, ರೆಕಾರ್ಡ್ ಬರೆದು, ಅಂಕ ತೆಗೆದುಕೊಂಡೆ. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ಯಾರಿಗೂ ಗೊತ್ತಿಲ್ಲ. ಎನ್‌ಎಸ್‌ಎಸ್ ಶಿಬಿರದಲ್ಲಿ ಗಿಡ ನೆಟ್ಟೆವು, ಜಾಥಾ ಮಾಡಿದೆವು. ನಾನು ಓದುವ ವಿಷಯಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಲಿತದ್ದನ್ನು ನಿಜವಾಗಿ ಯಾರಿಗಾದರೂ ಉಪಯೋಗಕ್ಕೆ ಬರುವಂತೆ ಮಾಡುವುದು ಹೇಗೆ? ಎಲ್ಲಿಂದ ಶುರು ಮಾಡಲಿ? ಓದಿಗೆ ತೊಂದರೆ ಆಗುವುದಿಲ್ಲವೇ?

ಉತ್ತರ: ಘಟಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ಯಾರಿಗೂ ಗೊತ್ತಿಲ್ಲ ಅಂದಿದ್ದೀರಿ. ನಿಮ್ಮ ಕೆಲಸ ಅಲ್ಲೇ ಇದೆ. ಅದನ್ನು ಕಂಡುಹಿಡಿಯಲು ಬೇಕಾದ ವಿದ್ಯೆ ನಿಮ್ಮ ಕೈಯಲ್ಲಿದೆ. ಉತ್ತರ ಸಿಕ್ಕಿದರೆ ಅದರಿಂದ ಯಾರಾದರೂ ಏನಾದರೂ ಬದಲಿಸಬಹುದು. ಪಂಚಾಯಿತಿಯವರು ಘಟಕದ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಬದಲಾಯಿಸಬಹುದು. ನಿಮ್ಮ ಚಿಕ್ಕಮ್ಮ ಅಡುಗೆಗೆ ಬೇರೆ ನೀರು ಬಳಸಲು ಶುರು ಮಾಡಬಹುದು.

ನಾನು ರಸಾಯನಶಾಸ್ತ್ರ ಪಾಠ ಮಾಡುತ್ತಾ, ವಿದ್ಯಾರ್ಥಿಗಳ ಜೊತೆ ಹಳ್ಳಿಗಳ ನೀರು ಪರೀಕ್ಷೆ ಮಾಡುತ್ತಾ ಬಂದವನು. ಹುಮ್ಮಸ್ಸಿಗೆ ಯಾವತ್ತೂ ಕೊರತೆ ಕಂಡಿಲ್ಲ. ಆದರೂ ಹೆಚ್ಚಿನ ಕೆಲಸಗಳು ಅರ್ಧಕ್ಕೇ ನಿಂತುಹೋಗುತ್ತವೆ. ಯಾಕೆ ಅಂದರೆ ಪ್ರಶ್ನೆ ತುಂಬಾ ದೊಡ್ಡದಿರುತ್ತದೆ, ಮತ್ತು ಆ ಪ್ರಶ್ನೆಗೆ ಉತ್ತರ ಬೇಕು ಅಂತ ಕಾಯುವವರು ಯಾರೂ ಇರುವುದಿಲ್ಲ. 'ತಾಲ್ಲೂಕಿನ ಅಂತರ್ಜಲದ ಗುಣಮಟ್ಟದ ಅಧ್ಯಯನ' ಅಂತ ಹೆಸರಿಟ್ಟ ಪ್ರಾಜೆಕ್ಟ್ ಮುಗಿದ ಮೇಲೆ ಬೈಂಡ್ ಆಗಿ ಲೈಬ್ರರಿ ಸೇರುತ್ತದೆ. ನೀರು ಕೊಟ್ಟ ಮನೆಯವರಿಗೆ ಅದರಲ್ಲಿ ಏನಿತ್ತು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಆ ಮನೆಯವರು ಬಾಟಲಿ ತುಂಬಿಸಿಕೊಡುವಾಗ 'ಏನಿದೆ ನೋಡಿ ಹೇಳಮ್ಮ' ಅಂದಿರುತ್ತಾರೆ. ಅದು ನೀವು ಒಪ್ಪಿಕೊಂಡ ಸಾಲ. ಅದನ್ನು ತೀರಿಸುವುದೇ ನೀವು ಕೇಳಿದ 'ಉಪಯೋಗಕ್ಕೆ ಬರುವ ಕೆಲಸ'. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಮೊದಲು ವಿಷಯ ಸ್ವಲ್ಪ ನೋಡೋಣ. ನಿಮಗೆ ಗೊತ್ತಿರುವುದೇ, ಆದರೆ ಊರಿನವರಿಗೆ ಹೇಳಬೇಕಾದಾಗ ಬೇಕಾಗುತ್ತದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅದರಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ನೀರು ತುಂಬಾ ಕಾಲ ನಿಂತಾಗ ಫ್ಲೋರೈಡ್ ಮೆಲ್ಲಗೆ ಕರಗುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಸುಲಭವಾಗಿ ಕರಗುತ್ತದೆ.

ಈ ಕೊನೆಯ ಮಾತಿನಲ್ಲಿ ಊರಿಗೆ ಸಂಬಂಧಿಸಿದ ದೊಡ್ಡ ವಿಷಯ ಅಡಗಿದೆ. ಕ್ಯಾಲ್ಸಿಯಂ ಕಡಿಮೆ ಇರುವ ನೀರು ಮೆದು ನೀರು. ಅದರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಕುಡಿಯಲು ಹಿತವಾಗಿರುತ್ತದೆ. ಊರಿನವರು 'ಆ ಬೋರ್ ಸವಳು, ಈ ಬೋರ್ ಸಿಹಿ' ಅಂತ ಸಿಹಿ ನೀರಿನ ಬೋರ್‌ಗೆ ಸಾಲು ನಿಲ್ಲುತ್ತಾರೆ. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿಯುವ ನೀರಿನಲ್ಲಿ ಸಿಗುವ ಪ್ರಮಾಣದಲ್ಲಿ ರುಚಿಯೂ ಗೊತ್ತಾಗುವುದಿಲ್ಲ. ಹಾಗಾಗಿ ಸಿಹಿ ಅನ್ನಿಸಿದ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಇದೆ. ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿಯುವುದರಿಂದ ಸ್ವಲ್ಪ ಹೆಚ್ಚೇ ಆಗುತ್ತದೆ. ಇದನ್ನು ನಾಲಿಗೆಯಿಂದ ತಿಳಿಯಲು ಆಗುವುದಿಲ್ಲ, ಅಳೆದೇ ತಿಳಿಯಬೇಕು. ಅಳೆಯಲು ಬರುವವರು ನೀವು. ನಿಮ್ಮ ಓದಿಗೆ ಊರಲ್ಲಿ ಇರುವ ಬೆಲೆ ಇದು.

ಭಾರತೀಯ ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಬಿಡುತ್ತಾರೆ. ಈ ಎರಡೂ ಸಂಖ್ಯೆ ನೆನಪಿಡಿ, ಪಂಚಾಯಿತಿ ಕಚೇರಿಯಲ್ಲಿ ಇವನ್ನೇ ಕೇಳುತ್ತಾರೆ.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಬಾಟಲಿ ತೆಗೆದುಕೊಂಡು ಹೊರಡುವ ಮುಂಚೆ ಒಂದು ದಿನ ಊರಲ್ಲಿ ಸುಮ್ನೆ ಕೂತು ಮಾತು ಕೇಳಿ. ಇದು ಯಾಕೆ ಮುಖ್ಯ ಅಂತ ನಿಮ್ಮದೇ ಜಿಲ್ಲೆಯ ಒಂದು ಕಥೆ ಹೇಳುತ್ತೇನೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಉದ್ದೇಶ. ಅದರ ಹಿಂದಿದ್ದವರು ಅಮೂಲ್ಯ ರೆಡ್ಡಿ. ಅವರು ವಿದ್ಯುತ್ ರಸಾಯನ ವಿಜ್ಞಾನಿ, ಅಂದರೆ ನೀವು ಲ್ಯಾಬಿನಲ್ಲಿ ಬಳಸುವ ಎಲೆಕ್ಟ್ರೋಡ್‌ಗಳ ವಿಜ್ಞಾನವೇ ಅವರ ಕ್ಷೇತ್ರ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ತಂಡ ಒಂದು ಕೇಂದ್ರ ಮಾಡಿಕೊಂಡಿತು. ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿದರು. ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಈ ಕೆಲಸದಿಂದಲೇ.

ಹತ್ತಿರದಲ್ಲೇ ಪುರ ಅನ್ನುವ ಸಣ್ಣ ಹಳ್ಳಿ. ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ, ಎಲ್ಲ ಮನೆಗೂ ಅಡುಗೆ ಗ್ಯಾಸ್ ಕೊಡುವ ಯೋಜನೆ ಮಾಡಿದರು. ಹೆಂಗಸರಿಗೆ ಸೌದೆ ಹೊರುವ ಕಷ್ಟ ತಪ್ಪುತ್ತದೆ ಅಂತ. ಯೋಚನೆ ಒಳ್ಳೆಯದೇ. ಆದರೆ ಊರಲ್ಲಿ ಸಿಗುವ ಸಗಣಿಯಿಂದ ಎಲ್ಲರ ಅಡುಗೆಗೂ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಕೆಲಸ ನಿಂತಿತು. ಆಮೇಲೆ ಊರಿನವರ ಜೊತೆ ಕೂತು ಮಾತಾಡಿದಾಗ ಅವರು ಮೊದಲು ಕೇಳಿದ್ದು ಕುಡಿಯುವ ನೀರು. ಅದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್ ಪಂಪ್ ನಡೆಸಿ, ಮನೆಗಳಿಗೆ ನೀರು ಮತ್ತು ದೀಪ ಕೊಟ್ಟರು. 1987ರಲ್ಲಿ ಇದು ನಡೆಯಲು ಶುರುವಾಯಿತು. ಊರಿನವರೇ ಸಗಣಿ ತಂದು ಹಾಕಿದರು, ಗ್ಯಾಸ್ ತೆಗೆದ ಮೇಲೆ ಉಳಿದದ್ದನ್ನು ಗೊಬ್ಬರಕ್ಕೆ ವಾಪಸ್ ಒಯ್ದರು, ಊರಿನ ಸಮಿತಿಯೇ ನೋಡಿಕೊಂಡಿತು.

ವಿಜ್ಞಾನ ಎರಡು ಸಲವೂ ಅದೇ. ಬದಲಾದದ್ದು ಪ್ರಶ್ನೆ ಕೇಳಿದವರು ಯಾರು ಅನ್ನುವುದು.

ನಿಮ್ಮೂರಲ್ಲಿ ಯಾರನ್ನು ಕೇಳಬೇಕು? ನನ್ನ ಪ್ರಕಾರ ಮೊದಲು ನೀರುಗಂಟಿಯನ್ನು. ಯಾವ ಬೋರ್ ಯಾವ ಟ್ಯಾಂಕಿಗೆ, ಬೇಸಿಗೆಯಲ್ಲಿ ಯಾವುದು ಬತ್ತುತ್ತದೆ, ಆಗ ಯಾವುದರ ನೀರು ಬೆರೆಸುತ್ತಾರೆ, ಫಿಲ್ಟರ್ ಘಟಕಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲ ಅವರಿಗೆ ಗೊತ್ತು. ಯಾವ ಕಚೇರಿಯ ನಕ್ಷೆಯಲ್ಲೂ ಇಷ್ಟು ಸಿಗುವುದಿಲ್ಲ. ನಂತರ ನೀರು ತುಂಬಿಸುವ ಹೆಂಗಸರನ್ನು ಕೇಳಿ. 'ಕುಡಿಯೋಕೆ ಯಾವ ನೀರು?' ಅಂತಷ್ಟೇ ಕೇಳಬೇಡಿ. 'ಅನ್ನಕ್ಕೆ ಯಾವುದು? ಮುದ್ದೆಗೆ ಎಸರು ಇಡೋದು ಯಾವುದರಲ್ಲಿ? ಸಾರಿಗೆ? ಟೀಗೆ?' ಅಂತಲೂ ಕೇಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಗೆ ಯಾವ ನೀರು ಅನ್ನುವುದನ್ನೂ ನೋಡಿ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಚಿಕ್ಕ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಆಗ ಫ್ಲೋರೈಡ್‌ನಿಂದ ಬಿದ್ದ ಕಲೆ ತಾನಾಗಿ ಹೋಗುವುದಿಲ್ಲ. ನೀರಿನ ವಿಷಯದಲ್ಲಿ ಅಂಗನವಾಡಿ ಮಕ್ಕಳು ಮೊದಲ ಸಾಲಿನಲ್ಲಿ ಇರಬೇಕು.

ಇನ್ನು ಅಳೆಯುವ ಕೆಲಸ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು, ಕ್ಷಮಿಸಿ. ರೆಕಾರ್ಡ್ ಪುಸ್ತಕದಲ್ಲಿ ರೀಡಿಂಗ್ ತಪ್ಪಾದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ತಪ್ಪಾದರೆ ಒಂದು ಮನೆಯವರು ಸುರಕ್ಷಿತ ನೀರು ಬಿಟ್ಟು ಬೇರೆಯದಕ್ಕೆ ಹೋಗಬಹುದು, ಇಲ್ಲವೇ ಕೆಟ್ಟ ನೀರನ್ನೇ ನಂಬಿ ಕುಡಿಯಬಹುದು.

ಬಾಟಲಿ ಪ್ಲಾಸ್ಟಿಕ್‌ನದ್ದೇ ಇರಲಿ, ಫ್ಲೋರೈಡ್‌ಗೆ ಗಾಜು ಬೇಡ. ಬೋರ್‌ವೆಲ್ ಆದರೆ ಪಂಪ್ ಹಾಕಿ ಕೆಲವು ನಿಮಿಷ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತ ಹಳೇ ನೀರು ಹೋಗಲಿ. ಅದೇ ನೀರಿನಲ್ಲಿ ಬಾಟಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಲೇಬಲ್ ಅಲ್ಲೇ ಬರೆಯಿರಿ, ಬಸ್ಸಿನಲ್ಲಿ ಬರೆಯೋಣ ಅಂದುಕೊಂಡರೆ ಯಾವುದು ಯಾವುದೋ ಆಗುತ್ತದೆ. ಜಾಗ, ತಾರೀಕು, ಸಮಯ, ಯಾವ ಬೋರ್, ಯಾರು ತುಂಬಿಸಿದ್ದು. ಪಿಎಚ್ ಮತ್ತು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಲ್ಲೇ ನೋಡಿ ಬರೆದುಕೊಳ್ಳಿ. ಘಟಕದಲ್ಲಿ ಮೂರು ಬಾಟಲಿ ಬೇಕು. ಒಳಗೆ ಹೋಗುವ ನೀರು, ನಾಣ್ಯ ಹಾಕಿದಾಗ ಬರುವ ನೀರು, ಮತ್ತು ಹಿಂದೆ ಪೈಪಿನಲ್ಲಿ ಹೊರಗೆ ಹೋಗುವ ತ್ಯಾಜ್ಯ ನೀರು.

ಲ್ಯಾಬಿಗೆ ಬಂದ ಮೇಲೆ ಟಿಸ್ಯಾಬ್ ದ್ರಾವಣ ಯಾಕೆ ಸೇರಿಸುತ್ತೇವೆ ಅಂತ ವೈವಾದಲ್ಲಿ ಹೇಳಿರುತ್ತೀರಿ. ಈಗ ಅದರ ಅರ್ಥ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಅಲ್ಯೂಮಿನಿಯಂ ಅಥವಾ ಕಬ್ಬಿಣ ಇದ್ದರೆ ಫ್ಲೋರೈಡ್ ಅವುಗಳ ಜೊತೆ ಕಟ್ಟಿಕೊಂಡು ಕೂರುತ್ತದೆ, ಅದನ್ನು ಅಳೆಯುವ ಎಲೆಕ್ಟ್ರೋಡ್‌ಗೆ ಸಿಗುವುದಿಲ್ಲ. ಟಿಸ್ಯಾಬ್ ಅದನ್ನು ಬಿಡಿಸುತ್ತದೆ, ಪಿಎಚ್ 5ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಅದನ್ನು ಮರೆತರೆ ಇರುವುದಕ್ಕಿಂತ ಕಡಿಮೆ ಫ್ಲೋರೈಡ್ ಕಾಣಿಸಬಹುದು, ಕೆಟ್ಟ ನೀರು ಒಳ್ಳೆಯದಾಗಿ ಕಾಣಬಹುದು. ಲೀಟರಿಗೆ 0.1, 1, 10 ಮಿಲಿಗ್ರಾಂ ಫ್ಲೋರೈಡ್ ಇದೆ ಅಂತ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಗಳನ್ನು ಆ ದಿನವೇ ನೋಡಿ. ಹತ್ತು ಪಟ್ಟು ಬದಲಾವಣೆಗೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಬದಲಾಗಬೇಕು. ತುಂಬಾ ಕಡಿಮೆ ಬಂದರೆ ಎಲೆಕ್ಟ್ರೋಡ್ ಸರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಪ್ರತಿ ಮಾದರಿಯನ್ನೂ ಎರಡು ಸಲ ನೋಡಿ. ಒಂದೆರಡು ಬಾಟಲಿಗೆ ನಿಮ್ಮ ಸ್ನೇಹಿತೆ ಗುಟ್ಟಾಗಿ ಬೇರೆ ನಂಬರ್ ಹಾಕಿ ನಿಮಗೇ ಮತ್ತೆ ಕೊಡಲಿ. ಎರಡು ಸಲವೂ ಅದೇ ಉತ್ತರ ಬಂದರೆ ನಿಮಗೇ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಇಷ್ಟಾದ ಮೇಲೂ ನಿಮ್ಮ ಸಂಖ್ಯೆಯನ್ನು ಅಂತಿಮ ಅನ್ನಬೇಡಿ. ಮಿತಿ ದಾಟಿದ ಮಾದರಿಗಳನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಪಂಚಾಯಿತಿ ಮೂಲಕ ಕಳಿಸಿ ಖಚಿತ ಮಾಡಿಕೊಳ್ಳಿ. ವಿದ್ಯಾರ್ಥಿಯ ಮಾತಿಗೂ ಇಲಾಖೆಯ ವರದಿಗೂ ಕಚೇರಿಯಲ್ಲಿ ಇರುವ ತೂಕ ಬೇರೆ ಬೇರೆ. ಎರಡೂ ಒಂದೇ ಹೇಳಿದಾಗ ನಿಮ್ಮ ಮುಂದಿನ ಮಾತನ್ನೂ ಕೇಳುತ್ತಾರೆ.

ಈಗ ಅಡುಗೆ ನೀರಿನ ವಿಷಯ. ಒಂದು ಉದಾಹರಣೆ ಲೆಕ್ಕ ಮಾಡೋಣ. ಬೋರ್ ನೀರಿನಲ್ಲಿ ಲೀಟರಿಗೆ 2.4 ಮಿಲಿಗ್ರಾಂ ಫ್ಲೋರೈಡ್ ಇದೆ ಅಂದುಕೊಳ್ಳಿ. ಫಿಲ್ಟರ್ ನೀರಿನಲ್ಲಿ 0.2 ಇದೆ. ಒಬ್ಬರು ದಿನಕ್ಕೆ ಮೂರು ಲೀಟರ್ ಫಿಲ್ಟರ್ ನೀರು ಕುಡಿದರೆ ದೇಹಕ್ಕೆ ಹೋಗುವುದು 0.6 ಮಿಲಿಗ್ರಾಂ. ಆದರೆ ಅನ್ನ, ಮುದ್ದೆ, ಸಾರು, ಟೀ ಎಲ್ಲಕ್ಕೂ ಬೋರ್ ನೀರು ಬಳಸಿದರೆ? ಮುದ್ದೆಗೆ ಇಟ್ಟ ನೀರಿನಲ್ಲಿ ಹೆಚ್ಚಿನದು ಮುದ್ದೆಯಲ್ಲೇ ಉಳಿಯುತ್ತದೆ, ಬಸಿದು ಚೆಲ್ಲುವುದಿಲ್ಲ. ಒಬ್ಬರ ಊಟದಲ್ಲಿ ಹೀಗೆ ಒಂದೂವರೆ ಲೀಟರ್ ಸೇರಿತು ಅಂದುಕೊಂಡರೆ 3.6 ಮಿಲಿಗ್ರಾಂ. ಕುಡಿದದ್ದಕ್ಕಿಂತ ಆರು ಪಟ್ಟು, ಊಟದ ದಾರಿಯಲ್ಲಿ!

'ನಾವು ಫಿಲ್ಟರ್ ನೀರೇ ಕುಡಿಯೋದು, ಆದರೂ ನೋವು ಹೋಗಲಿಲ್ಲ' ಅನ್ನುವ ಮಾತು ಇಂಥ ಊರುಗಳಲ್ಲಿ ಕೇಳುತ್ತದೆ. ನೋವಿಗೆ ಬೇರೆ ಕಾರಣಗಳೂ ಇರಬಹುದು, ಅದನ್ನು ವೈದ್ಯರೇ ಹೇಳಬೇಕು. ಆದರೆ ಫ್ಲೋರೈಡ್ ದೇಹಕ್ಕೆ ಹೋಗುವ ಒಂದು ದಾರಿ ಇನ್ನೂ ತೆರೆದೇ ಇದೆ ಅನ್ನುವುದನ್ನು ಗುಣಾಕಾರ ಬರುವ ಯಾರಾದರೂ ತೋರಿಸಬಹುದು. ನಿಮ್ಮೂರಿನ ನಿಜವಾದ ಸಂಖ್ಯೆ ಹಾಕಿ ಈ ಲೆಕ್ಕ ಮಾಡಿ. ಐದು ಜನರ ಮನೆಗೆ ಅಡುಗೆಗೆ ಎಷ್ಟು ನೀರು ಬೇಕು, ಅದಕ್ಕೆ ದಿನಕ್ಕೆ ಇನ್ನೊಂದು ಕ್ಯಾನ್ ಸಾಕೇ, ಅದಕ್ಕೆ ತಿಂಗಳಿಗೆ ಎಷ್ಟು ದುಡ್ಡು, ಅದನ್ನು ಹೊತ್ತು ತರುವವರು ಯಾರು, ಎಲ್ಲ ಸೇರಿಸಿ. ಆಗ ನಿಮ್ಮ ರಸಾಯನಶಾಸ್ತ್ರ ಒಂದು ಅಡುಗೆಮನೆಗೆ ಉಪಯೋಗವಾಗುವ ಮಾತಾಗುತ್ತದೆ.

ಘಟಕದ ಬಗ್ಗೆ ನೀವು ಇನ್ನೊಂದು ಒಳ್ಳೆಯ ಕೆಲಸ ಮಾಡಬಹುದು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನ ಜೀವ ಇಲ್ಲಿದೆ. ಪ್ರತಿ ತಿಂಗಳು ನೀವು ಎಲೆಕ್ಟ್ರೋಡ್ ಹೊತ್ತು ಊರಿಗೆ ಬರಲು ಆಗುವುದಿಲ್ಲ. ಮುಂದಿನ ವರ್ಷ ಎಲ್ಲಿರುತ್ತೀರೋ ಗೊತ್ತಿಲ್ಲ. ಹಾಗಾದರೆ ಊರಿನವರೇ ನೋಡಿಕೊಳ್ಳುವಂತೆ ಏನು ಬಿಟ್ಟುಹೋಗಬಹುದು?

ಆರ್‌ಒ ಮೆಂಬ್ರೇನ್ ಚೆನ್ನಾಗಿದ್ದಾಗ ನೀರಿನಲ್ಲಿ ಕರಗಿದ ಲವಣದ ಜೊತೆಗೆ ಫ್ಲೋರೈಡ್‌ನ ಬಹುಪಾಲನ್ನೂ ತಡೆಯುತ್ತದೆ. ಮೆಂಬ್ರೇನ್ ಹಳತಾದರೆ, ಹರಿದರೆ, ಅಥವಾ ರುಚಿಗೆ ಅಂತ ಶುದ್ಧ ಮಾಡದ ನೀರು ಬೆರೆಸುವ ವಾಲ್ವ್ ಜಾಸ್ತಿ ತಿರುಗಿಸಿದ್ದರೆ, ಟಿಡಿಎಸ್ ಏರುತ್ತದೆ, ಫ್ಲೋರೈಡ್ ಕೂಡ ಏರುತ್ತದೆ. ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗುಂಡಿ ಒತ್ತಿದರೆ ಸಂಖ್ಯೆ ತೋರಿಸುತ್ತದೆ. ಆ ಘಟಕದ ಒಳ ನೀರು, ಹೊರ ನೀರು ಎರಡರಲ್ಲೂ ಟಿಡಿಎಸ್ ಮತ್ತು ಫ್ಲೋರೈಡ್ ಹಲವು ಸಲ ಜೊತೆಜೊತೆಗೆ ಅಳೆಯಿರಿ. 'ಈ ಘಟಕದಲ್ಲಿ ಹೊರ ನೀರಿನ ಟಿಡಿಎಸ್ ಇಷ್ಟು ದಾಟಿದರೆ ಫ್ಲೋರೈಡ್ ಪರೀಕ್ಷೆಗೆ ಕಳಿಸಬೇಕು, ಸರ್ವಿಸ್‌ನವರನ್ನು ಕರೆಸಬೇಕು' ಅಂತ ಒಂದು ಗಡಿ ಸಿಗುತ್ತದೆ. ಅದನ್ನು ಘಟಕದ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ವಾರಕ್ಕೊಮ್ಮೆ ಯಾರಾದರೂ ನೋಡಿ ಪುಸ್ತಕದಲ್ಲಿ ಬರೆದಿಡಲಿ.

ಒಂದು ಎಚ್ಚರಿಕೆ. ಈ ಗಡಿ ಆ ಘಟಕಕ್ಕೆ, ಆ ಬೋರ್ ನೀರಿಗೆ ಮಾತ್ರ. ಬೋರ್‌ವೆಲ್ ನೀರಿನ ಟಿಡಿಎಸ್ ನೋಡಿ ಅದರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ಕಡಿಮೆ ಟಿಡಿಎಸ್ ಇರುವ ಸಿಹಿ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು. ಘಟಕಕ್ಕೆ ಬೇರೆ ಬೋರ್ ಜೋಡಿಸಿದರೆ ಗಡಿಯನ್ನು ಹೊಸದಾಗಿ ಕಂಡುಕೊಳ್ಳಬೇಕು. ಇದನ್ನು ನೋಡಿಕೊಳ್ಳುವವರಿಗೆ ಬಿಡಿಸಿ ಹೇಳಿ.

ಪುಸ್ತಕ ಬರೆಯುವವರು ಯಾರು ಅಂದರೆ, ಊರಲ್ಲಿ ಈಗಾಗಲೇ ಇದ್ದಾರೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷೆ ಮಾಡಲು ತರಬೇತಿ ಕೊಡುವ ಏರ್ಪಾಡಿದೆ. ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದವರು ಇಂಥವರು. ನಿಮ್ಮೂರಿನ ಆ ಐವರು ಯಾರು ಅಂತ ಪಂಚಾಯಿತಿಯಲ್ಲಿ ಕೇಳಿ. ಕಿಟ್ ಇದೆಯೇ, ಅದರ ದ್ರಾವಣದ ಅವಧಿ ಮುಗಿದಿದೆಯೇ ನೋಡಿ. ಬಣ್ಣ ಹೋಲಿಸಿ ಹೇಳುವ ಕಿಟ್ ಸ್ಥೂಲವಾಗಿ ಹೇಳುತ್ತದೆ, ನಿಮ್ಮ ಎಲೆಕ್ಟ್ರೋಡ್ ನಿಖರವಾಗಿ ಹೇಳುತ್ತದೆ. ಅವರ ಜೊತೆ ಕೂತು ಒಂದೇ ನೀರನ್ನು ಎರಡರಲ್ಲೂ ನೋಡಿ. ಅವರಿಗೆ ಕಿಟ್ ಮೇಲೆ ಎಷ್ಟು ನಂಬಿಕೆ ಇಡಬಹುದು ಅಂತ ಗೊತ್ತಾಗುತ್ತದೆ. ನಿಮಗೆ, ನೀವು ಹೋದ ಮೇಲೂ ಕೆಲಸ ನಡೆಸುವ ಜೊತೆಗಾರರು ಸಿಗುತ್ತಾರೆ.

ತ್ಯಾಜ್ಯ ನೀರಿನ ಬಾಟಲಿ ಯಾಕೆ ಅಂದಿರಾ? ಘಟಕಕ್ಕೆ ಹೋದ ನೀರಿನಲ್ಲಿ ಅರ್ಧ ಹೊರಗೆ ಹೋದರೆ, ಆ ಅರ್ಧದಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಎರಡರಷ್ಟು ಆಗಿರುತ್ತದೆ. ಅದು ದನಕರು ನೀರು ಕುಡಿಯುವ ತೊಟ್ಟಿಗೆ ಹೋಗುತ್ತಿದ್ದರೆ ತಪ್ಪಿಸಬೇಕು. ಜಾನುವಾರುಗಳಿಗೂ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು ಮೂಳೆ ಕೆಡುವ ಕಾಯಿಲೆ, ಬರುತ್ತದೆ.

ಫಲಿತಾಂಶ ಕೈಗೆ ಬಂದ ಮೇಲೆ ಅದನ್ನು ಹೇಳುವ ರೀತಿಗೆ ಲ್ಯಾಬ್ ಕೆಲಸಕ್ಕಿಂತ ಜಾಸ್ತಿ ಯೋಚನೆ ಬೇಕು. 'ನಮ್ಮೂರ ನೀರು ವಿಷ' ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ಪತ್ರಿಕೆಗೆ ಫೋನ್ ಮಾಡುವುದು ಮೊದಲ ಹೆಜ್ಜೆ ಆಗಬಾರದು. ಇಂಥ ಊರುಗಳ ಹೆಣ್ಣುಮಕ್ಕಳಿಗೆ ಹಲ್ಲಿನ ಕಲೆಯಿಂದ ಮದುವೆ ಮಾತುಕತೆಯಲ್ಲಿ ಅವಮಾನ ಆಗುತ್ತದೆ. ನಕ್ಕಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ಅಭ್ಯಾಸ ಸುಮ್ನೆ ಬಂದದ್ದಲ್ಲ. ನಿಮ್ಮ ಸ್ಲೈಡಿನಲ್ಲಿ ಮಕ್ಕಳ ಹಲ್ಲಿನ ಫೋಟೊ ಬೇಡ, ಮನೆಯವರ ಹೆಸರು ಬೇಡ. ಮೊದಲು ನೀರು ಕೊಟ್ಟವರಿಗೆ ಹೇಳಿ. ಮನೆಯಲ್ಲಿ ಕೂತು, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟು ಹೇಳಿ. ಆಮೇಲೆ ಪಿಡಿಒ ಮತ್ತು ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಗೆ, ಆಮೇಲೆ ಗ್ರಾಮಸಭೆಗೆ. ಕೆಟ್ಟ ಸುದ್ದಿಯ ಜೊತೆ ನಾಳೆಯಿಂದಲೇ ಮಾಡಬಹುದಾದ ಒಂದಾದರೂ ಕೆಲಸ ಇರಲಿ: ಅಡುಗೆಗೂ ಫಿಲ್ಟರ್ ನೀರು, ಅಂಗನವಾಡಿಗೆ ಕಡಿಮೆ ಫ್ಲೋರೈಡ್ ಇರುವ ಬೋರ್‌ನ ನೀರು, ಶಾಲೆಯ ಮೇಲ್ಛಾವಣಿಯ ಮಳೆನೀರು ಶೇಖರಣೆ. ಮಳೆನೀರು ಬಂಡೆಗೆ ತಾಗಿರುವುದಿಲ್ಲ, ಹಾಗಾಗಿ ಅದರಲ್ಲಿ ಈ ತೊಂದರೆ ಇಲ್ಲ. ಛಾವಣಿ, ತೊಟ್ಟಿ ಸ್ವಚ್ಛವಾಗಿರಬೇಕು, ಕುಡಿಯುವ ಮುಂಚೆ ಕುದಿಸಬೇಕು ಅಷ್ಟೇ.

ಅಜ್ಜಿಯ ಮಂಡಿ ನೋವು ಫ್ಲೋರೈಡ್‌ನಿಂದಲೇ ಅಂತ ನೀವು ತೀರ್ಮಾನ ಮಾಡಬೇಡಿ. ವಯಸ್ಸಿನ ಮಂಡಿ ನೋವೂ ಹಾಗೇ ಕಾಣುತ್ತದೆ. 2008-09ರಿಂದ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕೆ ಕೇಂದ್ರದ ಕಾರ್ಯಕ್ರಮವೇ ಇದೆ. ಅಜ್ಜಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಿಮ್ಮ ನೀರಿನ ವರದಿಯನ್ನೂ ವೈದ್ಯರಿಗೆ ತೋರಿಸಿ. ಅವರಿಗೆ ಅದು ನಿಜವಾಗಿ ಬೇಕಾಗುವ ಮಾಹಿತಿ.

ಎನ್‌ಎಸ್‌ಎಸ್ ಬಗ್ಗೆ ಬೇಸರದಿಂದ ಬರೆದಿದ್ದೀರಿ. ನಾನು ಅದನ್ನು ಬಿಟ್ಟುಕೊಡುವುದಿಲ್ಲ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿಯ ವರ್ಷದಲ್ಲಿ, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅದನ್ನು 37 ವಿಶ್ವವಿದ್ಯಾಲಯಗಳಲ್ಲಿ ಶುರು ಮಾಡಿದರು. ಮೊದಲಿಗೆ ಸುಮಾರು 40 ಸಾವಿರ ವಿದ್ಯಾರ್ಥಿಗಳಿದ್ದರು. ಅರ್ಥಶಾಸ್ತ್ರಜ್ಞರಾದ ಅವರೇ ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ಎನ್‌ಎಸ್‌ಎಸ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ. ಇದು ಸಣ್ಣ ಸಮಯವಲ್ಲ. ರಸಾಯನಶಾಸ್ತ್ರದವರು ನೀರು ನೋಡಿ, ವಾಣಿಜ್ಯದವರು ಸ್ವಸಹಾಯ ಸಂಘದ ಲೆಕ್ಕ ನೋಡಿ, ಕಾನೂನಿನವರು ಪಿಂಚಣಿ ಅರ್ಜಿ ಬರೆದುಕೊಟ್ಟರೆ ಅದೇ ಶಿಬಿರ ಬೇರೆಯೇ ಆಗುತ್ತದೆ. ನಿಮ್ಮ ಕಾರ್ಯಕ್ರಮ ಅಧಿಕಾರಿಯ ಹತ್ತಿರ ಹೋಗಿ, ಮುಂದಿನ ವಿಶೇಷ ಶಿಬಿರದ ಏಳು ದಿನದಲ್ಲಿ ನೀರಿನ ಕೆಲಸಕ್ಕೆ ಜಾಗ ಕೇಳಿ. ನಿಮ್ಮ ಕಾಲೇಜು ಉನ್ನತ ಭಾರತ ಅಭಿಯಾನದಲ್ಲಿ (ಕಾಲೇಜುಗಳು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳುವ ಕೇಂದ್ರದ ಯೋಜನೆ) ಇದ್ದರೆ ದತ್ತು ಹಳ್ಳಿಗಳ ಪಟ್ಟಿಯೂ ಇರುತ್ತದೆ, ಅದರಲ್ಲಿ ನಿಮ್ಮೂರಿನ ಕಡೆಯ ಹಳ್ಳಿ ಸೇರಿಸಬಹುದೇ ಕೇಳಿ.

ವಿದ್ಯಾರ್ಥಿಗಳಿಂದ ಎಷ್ಟು ಆಗುತ್ತದೆ ಅನ್ನುವ ಸಂಶಯ ನಿಮಗೆ ಇದ್ದರೆ ಮೈಸೂರಿನ ಕಡೆ ನೋಡಿ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಓದು ಮುಗಿದ ಮೇಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಬುಡಕಟ್ಟು ಜನರ ಹತ್ತಿರ ಹೋದರು. ಅದು ಆಸ್ಪತ್ರೆಯಾಗಿ, ಶಾಲೆಯಾಗಿ ಬೆಳೆದಿದೆ. ಎಲ್ಲರೂ ಸಂಸ್ಥೆ ಕಟ್ಟಬೇಕಿಲ್ಲ. ಅವರು ಓದುತ್ತಿದ್ದ ವೈದ್ಯಕೀಯವನ್ನೇ ಹಿಡಿದು ಹೊರಟರು ಅನ್ನುವುದನ್ನು ಗಮನಿಸಿ ಸಾಕು.

ಓದಿಗೆ ತೊಂದರೆ ಆಗುತ್ತದೆಯೇ? ಬೇರೆಯಾಗಿ ಮಾಡಿದರೆ ಆಗುತ್ತದೆ. ಹಾಗಾಗಿ ಬೇರೆಯಾಗಿ ಮಾಡಬೇಡಿ. ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ವಿಷಯವನ್ನಾಗಿ ಇದನ್ನೇ ತೆಗೆದುಕೊಳ್ಳಿ. ಎರಡು ಋತುವಿನ ಮಾದರಿ ಬೇಕಾಗುತ್ತದೆ, ಮಳೆಗೆ ಮುಂಚೆ ಒಂದು, ಆಮೇಲೆ ಒಂದು. ಆದ್ದರಿಂದ ಮಾರ್ಗದರ್ಶಕರನ್ನು ಈಗಲೇ ಒಪ್ಪಿಸಿ. 'ಹೊಸತು ಏನಿದೆ ಇದರಲ್ಲಿ?' ಅಂತ ಅವರು ಕೇಳಬಹುದು. ಒಂದು ಘಟಕದ ಟಿಡಿಎಸ್ ಮತ್ತು ಫ್ಲೋರೈಡ್ ಸಂಬಂಧ, ಅಡುಗೆ ನೀರಿನಿಂದ ದೇಹಕ್ಕೆ ಹೋಗುವ ಪ್ರಮಾಣ, ಎರಡೂ ಎಂ.ಎಸ್ಸಿ. ಮಟ್ಟಕ್ಕೆ ಒಳ್ಳೆಯ ಪ್ರಶ್ನೆಗಳೇ. ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ 'ನಾನು ಅಳೆದ ಸಂಖ್ಯೆ ಇಲಾಖೆಯ ಲ್ಯಾಬಿನ ಸಂಖ್ಯೆಗೆ ಹೊಂದಿತು' ಅನ್ನುವ ಮಾತಿಗೆ ಗುಣಮಟ್ಟ ನಿಯಂತ್ರಣ ವಿಭಾಗದವರು ಕಿವಿ ಕೊಡುತ್ತಾರೆ.

ಒಬ್ಬರೇ ಮಾಡಬೇಡಿ. ನಿಮ್ಮ ಜೊತೆ ಮೊದಲನೇ ವರ್ಷದ ಇಬ್ಬರನ್ನಾದರೂ ಈಗಿನಿಂದಲೇ ಕರೆದುಕೊಂಡು ಹೋಗಿ. ನೀವು ಪಾಸಾಗಿ ಹೋದ ಮೇಲೆ ನೀರುಗಂಟಿಯ ಪರಿಚಯ ಇರುವವರು, ಆ ಪುಸ್ತಕ ಎಲ್ಲಿದೆ ಅಂತ ಗೊತ್ತಿರುವವರು ಬೇಕು. ವಿದ್ಯಾರ್ಥಿಗಳ ಕೆಲಸ ಜಾಸ್ತಿ ಸಲ ನಿಲ್ಲುವುದು ಈ ಜಾಗದಲ್ಲೇ.

ಅನುಮತಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯವರು ಒಪ್ಪಿ ಕೊಟ್ಟ ನೀರಿಗೆ ಅವರ ಒಪ್ಪಿಗೆಯೇ ಸಾಕು. ಘಟಕದ ಮಾದರಿಗೆ ಪಿಡಿಒಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಕೊಡಿ. ತಪ್ಪು ಹುಡುಕಲು ಬಂದವರು ಅಂತ ಅನ್ನಿಸದ ಹಾಗೆ ಬರೆಯಿರಿ. ನೀವು ಈ ಊರಿನವರು, ಇಂಥ ವಿಷಯ ಓದುತ್ತಿದ್ದೀರಿ, ಘಟಕದ ನೀರನ್ನು ಉಚಿತವಾಗಿ ಪರೀಕ್ಷೆ ಮಾಡಿ ವರದಿಯನ್ನು ಮೊದಲು ಪಂಚಾಯಿತಿಗೇ ಕೊಡುತ್ತೀರಿ, ಮಿತಿ ದಾಟಿದ ಮಾದರಿಯನ್ನು ಇಲಾಖೆಯ ಲ್ಯಾಬಿಗೆ ಕಳಿಸಲು ಅವರ ಸಹಕಾರ ಬೇಕು, ಇಷ್ಟು ಸಾಕು. ಕೆಳಗೆ ಮಾರ್ಗದರ್ಶಕರ ಸಹಿ ಇರಲಿ. ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವ ಮುಂಚೆ ಪತ್ರ ಸಿದ್ಧವಿದ್ದರೆ, ಮಳೆ ಮುಂಚಿನ ಮಾದರಿ ತಪ್ಪಿಹೋಗುವುದಿಲ್ಲ.